ದೋಣಿಗೆ ಕಟ್ಟಿದ ಚರಿಗೆ

ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕುವಷ್ಟರಲ್ಲಿ ಹೊರಗೆ ಟೆಂಪೊ ಹಾರ್ನ್ ಕೇಳಿಸಿತು. ಹಿಟ್ಟಿನ ಕೈಯಲ್ಲೇ ಓಡಿದೆ. ನಮ್ಮ ದೋಣಿ ಆಗಲೇ ಟೆಂಪೊ ಏರಿ, ಮೂಗು ಹೊರಚಾಚಿ ಕೂತಿತ್ತು! ಕೊಣ್ಣೂರಿನ ಹೊಳೆ ಬಿಟ್ಟು ಬೇರೆ ನೀರು ಕಾಣದ ದೋಣಿ ಇವತ್ತು ಅಂಕೋಲೆಯ ಸಮುದ್ರಕ್ಕೆ ಹೊರಟಿದೆ. ಅಲ್ಲಿರುವ ನನ್ನ ಅಣ್ಣ, ಜೊತೆಗೆ ಮೀನು ಹಿಡಿಯೋಣ ಬಾ ಎಂದು ನಮ್ಮ ಮನೆಯವರನ್ನು ಕರೆದಿದ್ದಾನೆ.

ಇಂಜಿನ್ ರಿಪೇರಿಯ ರಫೀಕ ಟೆಂಪೊದಿಂದ ಜಿಗಿದ. "ವೈನಿ, ಬೋಲ್ಟ್ ಎಲ್ಲಾ ಸ್ಟೀಲಿನವು ಹಾಕೀನ್ರಿ. ಕಬ್ಬಿಣ ಇದ್ರ ಉಪ್ಪುನೀರು ತಿಂದ ಹಾಕತೈತಿ. ಇನ್ನ ಈ ಮದುಮಗಳಿಗಿ ಅರಿಷಿಣ ಹಚ್ಚೂದೊಂದ ಬಾಕಿ!" ಎಂದು ದೋಣಿಯ ಮೂಗು ತಟ್ಟಿದ.

"ಇಂಜಿನ್ನಿಗಿ ಏನ್ ಮಾಡೂದೋ?" ಇವರು ಹಗ್ಗ ಬಿಗಿಯುತ್ತ ಕೇಳಿದರು.

"ದಿನಾ ದಂಡಿಗಿ ಬಂದ ಕೂಡ್ಲೆ ಸಿಹಿನೀರು ಹಾಯಿಸಿ ತೊಳಿ ಮಾರಾಯಾ. ಮರತಿ ಅಂದ್ರ ಇಂಜಿನ್ ಮುಗೀತ."

ಮಗಳು ಮೇಘಾ ಚಕ್ರದ ಹತ್ತಿರ ನಿಂತಿದ್ದಳು. ಕೈಯಲ್ಲಿ ದೋಣಿಯ ಚರಿಗೆ. ಅವಳ ಮುತ್ತಜ್ಜನ ಕಾಲದಿಂದಲೂ ನಮ್ಮ ದೋಣಿಯಲ್ಲಿ ಕುಡಿಯುವ ನೀರು ಒಯ್ಯುವ ರೂಢಿಯೇ ಇಲ್ಲ. ದಾರಕ್ಕೆ ಕಟ್ಟಿದ ಚರಿಗೆ ಹೊಳೆಗೆ ಅದ್ದಿದರಾಯಿತು. ಅದನ್ನು ಬೂದಿ ಹಚ್ಚಿ ಫಳಫಳ ತಿಕ್ಕಿ ಕಟ್ಟುವ ಕೆಲಸ ಮೇಘಾಳದು. ಇವತ್ತು ತಿಕ್ಕಿದ್ದಾಳೆ, ಕಟ್ಟಿಲ್ಲ.

"ಕಟ್ಟವಾ ಲಗೂ," ಎಂದರು ಇವರು.

ಅವಳು ಬಾಯಿ ತೆರೆದು, ರಫೀಕನತ್ತ ನೋಡಿ ಮುಚ್ಚಿಕೊಂಡಳು. ನನಗೆ ಗೊತ್ತು. ನಿನ್ನೆ "ಸಮುದ್ರದ ಮೀನು ಉಪ್ಪಿರತಾವೇನ?" ಎಂದು ಕೇಳಿದ್ದಕ್ಕೆ ಅವನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ಆಗಿನಿಂದ ಹುಡುಗಿ ಏನನ್ನೋ ನುಂಗಿಕೊಂಡೇ ತಿರುಗುತ್ತಿದೆ. ತಾನೂ ಬರುತ್ತೇನೆ ಎನ್ನಬೇಕೆಂದಿರಬಹುದು ಎಂದುಕೊಂಡಿದ್ದೆ.

ರಫೀಕ ಮತ್ತೆ ಹತ್ತಿ ಕೂತ; ಟೆಂಪೊ ಗುರ್ರೆಂದಿತು. ಒಳಗಿನಿಂದ ರೊಟ್ಟಿ ಸೀದ ವಾಸನೆ ಬಂತು. ಸೀಯಲಿ ಎಂದು ಅವಳ ಮುಂದೆ ಕುಕ್ಕರಗಾಲಲ್ಲಿ ಕೂತೆ.

"ಏನವಾ ನನ್ನ ಬಂಗಾರಾ? ಹೇಳ. ಯಾರ್ ನಗತಾರ ನಾ ನೋಡತೀನಿ."

"ಅಯ್ಯ, ನಾ ನಗೂದಿಲ್ಲವಾ, ಆಣಿ," ಎಂದು ರಫೀಕ ಟೆಂಪೊ ಬಂದ್ ಮಾಡಿ, ಬಾಯಿಯ ಮೇಲೆ ಬೆರಳಿಟ್ಟ.

ಮೇಘಾ ಚರಿಗೆಯನ್ನು ಎದೆಗೆ ಒತ್ತಿಕೊಂಡು ಅಪ್ಪನ ಮುಖವನ್ನೇ ನೋಡಿದಳು.

"ಅಪ್ಪಾ, ಇಂಜಿನ್ನಿಗಿ ಸಿಹಿನೀರು ಕೊಡತಿ. ನಡು ಸಮುದ್ರದಾಗ ನಿನಗ ನೀರಡಿಕಿ ಆದ್ರ ಈ ಚರಿಗಿ ಎಲ್ಲಿ ಅದ್ದತಿ?"