ಚರ್ಚಿನ ಗೋಡೆಯ ಗುಳಿಗಳು

ನಮ್ಮೂರು ವಾಲ್‌ಸೆರಿನ ಚರ್ಚಿಗೆ ಎಂಟುನೂರು ವರ್ಷವಾಗಿದೆ. ಅದರ ತೆಂಕಣ ಬಾಗಿಲ ಪಕ್ಕದ ಗೋಡೆಯಲ್ಲಿ ಎಪ್ಪತ್ತೆರಡು ಗುಳಿಗಳಿವೆ. ಮಗುವಿಗೆ ಜ್ವರ ಬಂದರೆ ತಾಯಿ ಮನೆಯ ಬೀಗದ ಕೈಯಿಂದ ಆ ಕಲ್ಲನ್ನು ಕೆರೆದು, ಪುಡಿಯನ್ನು ಒಂದು ಚಮಚ ವೈನಿನಲ್ಲಿ ಕಲಸಿ ಕುಡಿಸುತ್ತಿದ್ದಳು. ಮನೆಗೊಂದು ಗುಳಿ; ಇನ್ನೊಬ್ಬರದಕ್ಕೆ ಕೈ ಹಾಕುವಂತಿರಲಿಲ್ಲ.

ಆ ವಸಂತದಲ್ಲಿ ಚರ್ಚಿನ ದುರಸ್ತಿಗೆಂದು ಪಟ್ಟಣದಿಂದ ಒಬ್ಬ ಅಧಿಕಾರಿ ಬಂದ. ಗುಳಿಗಳನ್ನು ಕಂಡು ಮುಖ ಸಿಂಡರಿಸಿ, ಎಲ್ಲವನ್ನೂ ಮುಚ್ಚಿಸಲು ಹೇಳಿದ. ಗಾರೆ ಕೆಲಸದ ಎಲೋವಾ ನಮ್ಮೂರಿನವನೇ. ತಲೆ ತಗ್ಗಿಸಿಕೊಂಡು ಬಕೆಟ್ಟಿನಲ್ಲಿ ಗಾರೆ ಕಲಸಿದ. ನಾನು ಮನೆಯಿಂದ ಕುರ್ಚಿ ತಂದು, ಗೋಡೆಗೆ ಬೆನ್ನು ಕೊಟ್ಟು ಕೂತು, ಬಟಾಣಿ ಬಿಡಿಸತೊಡಗಿದೆ.

"ಸ್ವಲ್ಪ ಆ ಕಡೆ ಕೂತ್ಕೊಳ್ಳಿ ಅಜ್ಜಿ, ಕೆಲಸ ಆಗ್ಬೇಕು" ಎಂದ ಅಧಿಕಾರಿ.

"ನನ್ ಕೆಲಸಾನೂ ಆಗ್ಬೇಕಲ್ಲ ಸಾಹೇಬ್ರೇ. ಇನ್ನೂ ಅರ್ಧ ಬುಟ್ಟಿ ಇದೆ."

ಎಲೋವಾ ಕೆಮ್ಮಿದ. ಅದು ನಗೆಯೆಂದು ನನಗೆ ಗೊತ್ತಿತ್ತು.

"ಪುರಾತನ ಕಟ್ಟಡ ಇದು! ನೀವೇ ಕೆರೆದು ಹಾಳು ಮಾಡಿದೀರಿ. ಕಲ್ಲಿನ ಪುಡಿ ತಿಂದು ಯಾರಿಗಾದ್ರೂ ಜ್ವರ ಬಿಟ್ಟಿದ್ಯಾ?"

"ಇಲ್ಲ" ಎಂದೆ. "ನನ್ ಮಗಳು ಕ್ಲೊತಿಲ್ಡ್‌ಗೂ ಬಿಡ್ಲಿಲ್ಲ. ಮೂರು ದಿನ ಕೆರೆದೆ, ನಾಕನೇ ದಿನ ಹೋದ್ಲು. ಅವಳದೊಂದು ಫೋಟೋ ಇಲ್ಲ ನನ್ಹತ್ರ. ಇರೋದು ಈ ಗುಳಿ ಒಂದೇ. ಮುಚ್ಚೋಕೆ ಬಿಡಲ್ಲ."

ಅವನ ದನಿ ತಗ್ಗಿತು. ಆದರೂ ಪುಸ್ತಕ ತೆಗೆದ. "ಕೆಲಸಕ್ಕೆ ಅಡ್ಡಿ ಅಂತ ಬರ್ಕೊಳ್ಳಬೇಕಾಗತ್ತೆ. ಹೆಸರೇನು?"

"ಬರ್ಕೊಳ್ಳಿ. ಲಿಯೊಕಾದಿ ವೆರ್ನಿಯೊಲ್, ಐದನೇ ಗುಳಿ. ಅದರಲ್ಲೇ ಕೆರೆದೋರು ನಮ್ಮಮ್ಮ ಒದಿಲ್, ಅವರಮ್ಮ ಬ್ಲಾಂದಿನ್. ಆರನೇದು ಫಿಲೊಮೆನ್‌ದು, ಈ ಎಲೋವಾನ ತಾಯಿ. ಏನೋ ಎಲೋವಾ, ನಿಮ್ಮಮ್ಮ ಕೆರೆದಿದ್ದು ನಿನಗೋಸ್ಕರ ತಾನೇ?"

"ಹೂಂ, ಲಿಯೊಕಾದಿ ಅತ್ತೆ."

"ಮುಚ್ತೀಯಾ ಹಾಗಾದ್ರೆ?"

ಎಲೋವಾ ಕರಣೆಯನ್ನು ನೆಲಕ್ಕಿಟ್ಟು ತಂಬಾಕು ತೆಗೆದು ಸಿಗರೇಟು ಸುತ್ತತೊಡಗಿದ.

ನಾನು ನಿಲ್ಲಿಸಲಿಲ್ಲ. ಏಳನೆಯದು, ಎಂಟನೆಯದು, ಯಾರ ಮಗು, ಯಾವ ಚಳಿಗಾಲ. ಮೊದಮೊದಲು ಅಧಿಕಾರಿ ಗಡಿಯಾರ ನೋಡಿಕೊಳ್ಳುತ್ತಿದ್ದ. ಹನ್ನೊಂದನೆಯದಕ್ಕೆ ಪೆನ್ನು ಆಡಿತು. ಇಪ್ಪತ್ತರ ಹೊತ್ತಿಗೆ "ಎರಡು ಮಕ್ಕಳಾ?" ಎಂದು ತಾನೇ ಕೇಳಿದ. ಮೂವತ್ತೆಂಟಕ್ಕೆ ಬರುವಷ್ಟರಲ್ಲಿ ಬಕೆಟ್ಟಿನ ಗಾರೆ ಕಲ್ಲಾಗಿತ್ತು.

"ನಾಳೆ ಬೇರೆ ಕಲಸ್ತಾರೆ" ಎಂದ, ಪುಸ್ತಕ ಮಡಚುತ್ತ.

"ಕಲಸ್ಲಿ. ಕುರ್ಚಿ ಇಲ್ಲೇ ಬಿಟ್ಟು ಹೋಗ್ತೀನಿ" ಎಂದೆ. "ನಾಳೆ ಮೂವತ್ತೊಂಬತ್ತರಿಂದ."