ಬ್ರಾನಾಳನ್ನು ಆಸ್ಪತ್ರೆಯಿಂದ ಬಿಡಿಸಿ ತಂದದ್ದು

ಜರ್ಮನರ ವಶದಲ್ಲಿದ್ದ ಫ್ರಾನ್ಸಿನ ಲಿಯೋಂ ಪಟ್ಟಣದ ಆಸ್ಪತ್ರೆಯಲ್ಲಿ ಮಿಂಡಲಳ ತಂಗಿ ಬ್ರಾನಾ ತೊಡೆಗೆ ಗುಂಡು ತಗಲಿ ಮಲಗಿದ್ದಳು. ಜರ್ಮನ್ ಸೈನಿಕರ ರೈಲು ಬರುವ ಹಳಿ ಕೀಳಲು ಹೋದವರಲ್ಲಿ ಸಿಕ್ಕಿಬಿದ್ದವಳು ಅವಳೊಬ್ಬಳೇ. ಬಾಗಿಲಿಗೆ ಇಬ್ಬರು ಫ್ರೆಂಚ್ ಪೊಲೀಸರ ಕಾವಲು. ಸಂಜೆ ಜರ್ಮನ್ ಗುಪ್ತ ಪೊಲೀಸರಾದ ಗೆಸ್ಟಾಪೊದವರು ಬಂದು ಅವಳನ್ನು ಒಯ್ಯುತ್ತಾರಂತೆ ಎಂದು ಆಸ್ಪತ್ರೆಯ ಬಟ್ಟೆ ಒಗೆಯುವವಳು ಬೆಳಿಗ್ಗೆಯೇ ಮಿಂಡಲಳಿಗೆ ಸುದ್ದಿ ಮುಟ್ಟಿಸಿದಳು. ಹಾಗೆ ಹೋದವರು ತಿರುಗಿ ಬಂದದ್ದಿಲ್ಲ.

"ಹಾಗಾದ್ರೆ ಮಧ್ಯಾಹ್ನವೇ ನಾವು ಗೆಸ್ಟಾಪೊ ಆಗಿಬಿಡೋಣ," ಎಂದ ಲೇಜರ್.

ಲೇಜರ್ ಮಿಂಡಲಳ ಗುಂಪಿನವನೇ, ಅವಳಂತೆಯೇ ಯಹೂದಿ; ದೂರದ ಚೆರ್ನೊವಿಟ್ಸ್ ಎಂಬ ಊರಿನಿಂದ ಬಂದ ದರ್ಜಿ. ಫ್ರಾನ್ಸಿನ ನೀರು ಕುಡಿಯತೊಡಗಿ ಹತ್ತು ವರ್ಷವಾಗಿದ್ದರೂ ಅವನ ಫ್ರೆಂಚ್ ಕೇಳಿ ಬ್ರೆಡ್ ಅಂಗಡಿಯ ಹುಡುಗಿಯರು ಇನ್ನೂ ಕಿಸಕ್ಕೆನ್ನುತ್ತಿದ್ದರು. ಆದರೆ ಅವನು ಶಾಲೆ ಕಲಿತದ್ದು ಜರ್ಮನ್ ಭಾಷೆಯಲ್ಲಿ.

"ಮಧ್ಯೆ ನಮ್ಮ ಯಹೂದಿಗಳ ಯಿಡ್ಡಿಶ್ ನುಸುಳಿದ್ರೆ?" ಎಂದಳು ಮಿಂಡಲ್.

"ಯಿಡ್ಡಿಶ್‌ನಲ್ಲಿ ನಾನು ಬರೀ ಬೈಯೋದು ಕಣಮ್ಮ. ಯಾರೂ ಸಿಟ್ಟು ಬರಿಸದಿದ್ರೆ ಸಾಕು."

ಷಮಾಯ ಎಂಬ ಗೆಳೆಯ ಎಲ್ಲಿಂದಲೋ ಒಂದು ಕರಿ ಕಾರು ಕದ್ದು ತಂದ. ಲೇಜರ್ ಉದ್ದನೆಯ ಚರ್ಮದ ಕೋಟು ತೊಟ್ಟ. ಮಿಂಡಲ್ ಅವನ ಟೈಪಿಸ್ಟ್ ಆದಳು.

ವಾರ್ಡಿನ ಬಾಗಿಲಲ್ಲಿ ಮೀಸೆಯ ಪೊಲೀಸ್ ತಡೆದ. "ಸಂಜೆ ಅಂದಿದ್ರಲ್ಲ ಸಾಹೇಬ್ರೆ?"

ಲೇಜರ್ ಜರ್ಮನ್‌ನಲ್ಲಿ ಗುಡುಗಿದ. ಮಿಂಡಲ್ ತನ್ನ ಮುರುಕು ಫ್ರೆಂಚಿನಲ್ಲಿ, "ಆಜ್ಞೆ ಬದಲಾಗಿದೆ, ದಾರಿ ಬಿಡಿ," ಎಂದಳು. ಯಾವ ಉಚ್ಚಾರಕ್ಕಾಗಿ ಊರೆಲ್ಲ ಅವಳನ್ನು ಆಡಿಕೊಳ್ಳುತ್ತಿತ್ತೋ ಅದೇ ಈಗ ಜರ್ಮನ್ ಹೆಂಗಸಿನ ಉಚ್ಚಾರದಂತೆ ಕೇಳಿಸಿತು.

"ಒಂದು ಫೋನ್ ಮಾಡಿ ಕೇಳಿಬಿಡ್ತೀನಿ," ಎಂದು ಪೊಲೀಸ್ ಹೊರಟ.

ಲೇಜರನ ನೆತ್ತಿಗೇರಿತು. "ಈರುಳ್ಳಿ ಥರ ತಲೆ ಮಣ್ಣೊಳಗಿಟ್ಟು ಬೆಳೆದುಹೋಗು!" ಎಂದು ಅಚ್ಚ ಯಿಡ್ಡಿಶ್‌ನಲ್ಲಿ ಶಪಿಸಿದ.

ಪೊಲೀಸರಿಗೆ ಜರ್ಮನ್ನೂ ಒಂದೇ, ಯಿಡ್ಡಿಶ್ಶೂ ಒಂದೇ. ಆದರೆ ಔಷಧಿಯ ತಟ್ಟೆ ಹಿಡಿದು ಬರುತ್ತಿದ್ದ ಕ್ರೈಸ್ತ ಸನ್ಯಾಸಿನಿ, ದಾದಿ ಸಿಸ್ಟರ್ ಒಡಿಲ್ ಗಕ್ಕನೆ ನಿಂತಳು. ಆಕೆ ಜರ್ಮನಿಯ ಗಡಿಯ ಆಲ್ಸೇಸ್ ಕಡೆಯವಳು. ಜರ್ಮನ್ ಅವಳ ಮನೆಯ ಮಾತು; ಇದು ಜರ್ಮನ್ ಅಲ್ಲವೆಂದು ಅವಳಿಗೆ ಥಟ್ಟನೆ ತಿಳಿಯಿತು. ಅವಳ ಕಣ್ಣು ಲೇಜರನ ಮುಖದಿಂದ ಮಿಂಡಲಳ ಮುಖಕ್ಕೆ ಬಂತು. 

"ಏನ್ರೀ ಮರದ ಹಾಗೆ ನಿಂತಿದೀರಿ?" ಸಿಸ್ಟರ್ ಪೊಲೀಸರ ಮೇಲೆ ಹರಿಹಾಯ್ದಳು. "ಸಾಹೇಬ್ರು ಏನಂತಿದಾರೆ ಗೊತ್ತಾ? ನಿಮ್ಮಿಬ್ಬರ ಹೆಸರು ಕೇಳ್ತಿದಾರೆ, ಮೇಲಕ್ಕೆ ದೂರು ಕೊಡೋಕೆ! ಹೋಗಿ, ಗಾಲಿಕುರ್ಚಿ ತನ್ನಿ!"

ಇಬ್ಬರೂ ಓಡಿದರು.

ಒಳಗೆ ಬ್ರಾನಾ ಅಕ್ಕನನ್ನು ಕಂಡಳು. ಅಕ್ಕಾ ಎನ್ನಲು ಬಾಯಿ ತೆರೆದಳು. ಗಾಲಿಕುರ್ಚಿಯ ಸದ್ದು ಹತ್ತಿರವಾದದ್ದೇ ತಡ, "ಕೊಲೆಗಡುಕರಾ! ನಾನು ಬರಲ್ಲ!" ಎಂದು ಕಿರಿಚಿ ಮಿಂಡಲಳ ಮುಖಕ್ಕೆ ಉಗುಳಿದಳು. ಪೊಲೀಸರು ನೋಡುತ್ತಿದ್ದರು. ತಾಯಿ ಸತ್ತ ಮೇಲೆ ತಾನೇ ಉಣ್ಣಿಸಿ ಬೆಳೆಸಿದ ತಂಗಿಯ ಕೆನ್ನೆಗೆ ಮಿಂಡಲ್ ಫಟೀರೆಂದು ಬಾರಿಸಿದಳು. ಕೈಗಿಂತ ಹೆಚ್ಚು ಉರಿದದ್ದು ಅವಳ ಎದೆ.

ಅಂಗಳದಲ್ಲಿ ಬ್ರಾನಾಳನ್ನು ಕಾರಿನ ಹಿಂದಿನ ಸೀಟಿಗೆ ಹತ್ತಿಸಿದ್ದಾಯಿತು. ಷಮಾಯ ಕೀಲಿ ತಿರುಗಿಸಿದ. ಕಾರು ಕೆಮ್ಮಿ ಸುಮ್ಮನಾಯಿತು. ಇನ್ನೊಮ್ಮೆ ತಿರುಗಿಸಿದ, ಕೆಮ್ಮೂ ಇಲ್ಲ. ಮೀಸೆಯವನು ಕಾರಿನತ್ತ ಬಂದ. ಲೇಜರನ ಕೈ ಜೇಬಿನ ರಿವಾಲ್ವರಿಗೆ ಹೋಯಿತು.

ಪೊಲೀಸ್ ಕಿಟಕಿಗೆ ಬಾಗಿದ. "ಸಾಹೇಬ್ರೆ, ದೂರು ಮಾತ್ರ ಕೊಡ್ಬೇಡಿ. ನಾವು ತಳ್ತೀವಿ."

ಇಬ್ಬರೂ ಬೆನ್ನು ಬಗ್ಗಿಸಿ, ಏದುಸಿರು ಬಿಡುತ್ತ ಗೇಟಿನಾಚೆ ಇಳಿಜಾರಿನವರೆಗೂ ತಳ್ಳಿದರು. ಕಾರು ಗುರ್ರೆಂದು ಜೀವ ತಳೆದು ನದಿಯ ದಾರಿ ಹಿಡಿಯಿತು.

"ಅಷ್ಟು ಜೋರಾಗಿ ಹೊಡೀಬೇಕಿತ್ತಾ ಅಕ್ಕಾ?" ಎಂದಳು ಬ್ರಾನಾ.

"ನೀನು ಅಷ್ಟೊಂದು ಉಗೀಬೇಕಿತ್ತಾ?"

ಅಳುತ್ತಿದ್ದಾರೋ ನಗುತ್ತಿದ್ದಾರೋ ಅವರಿಗೇ ತಿಳಿಯದಂತೆ ಅಕ್ಕತಂಗಿಯರು ತಬ್ಬಿಕೊಂಡರು.

ಸಂಜೆ ನಿಜವಾದ ಗೆಸ್ಟಾಪೊದವರು ಬಂದು ಆಸ್ಪತ್ರೆಯನ್ನೆಲ್ಲ ಜಾಲಾಡಿದರು. ಸಿಸ್ಟರ್ ಒಡಿಲಳನ್ನು ನಿಲ್ಲಿಸಿ ಕೇಳಿದರೆ, ಜಪಮಾಲೆ ಎಣಿಸುತ್ತ ಆಕೆ ಹೇಳಿದ್ದು ಇಷ್ಟೇ: "ಅವರೂ ನಿಮ್ಮ ಹಾಗೇ ಕೂಗಾಡಿದ್ರಪ್ಪ. ನಿಮ್ಮವರೇ ಅಂದ್ಕೊಂಡೆ." ಅಷ್ಟು ಹೊತ್ತಿಗೆ ಬ್ರಾನಾ ಬೆಟ್ಟದ ಮೇಲಿನ ರೈತರೊಬ್ಬರ ಮನೆಯಲ್ಲಿ, ಎರಡನೆಯ ಬಟ್ಟಲು ಆಲೂಗಡ್ಡೆ ಸೂಪು ಕುಡಿಯುತ್ತಿದ್ದಳು.