ಅತ್ತೆಯ ಬುಟ್ಟಿ ಸೋಸುವವಳು

ನಾಳೆ ಬೆಳಿಗ್ಗೆ ಹತ್ತರೊಳಗೆ ನಾನು ಒಪ್ಪಿಗೆ ಕೊಡಬೇಕು, ಇಲ್ಲವೇ ಒಲ್ಲೆ ಅನ್ನಬೇಕು. ಅಂಚೆ ಕಚೇರಿಯಲ್ಲಿ ಹನ್ನೊಂದು ವರ್ಷ ಮೊಹರು ಒತ್ತಿದ ಮೇಲೆ ಬಡ್ತಿ ಬಂದಿದೆ. ಮೂರು ಗಂಟೆ ದೂರದ ಊರಿನಲ್ಲಿ ಇಡೀ ಕಚೇರಿ ನನ್ನ ಕೈಗೆ. ಗಂಡ ಬಸ್ ಡ್ರೈವರ್, ಅವರ ತಕರಾರೇನೂ ಇಲ್ಲ. "ವಾರಕ್ಕೊಂದ್ಸಲ ನನ್ನ ಬಸ್ಸಲ್ಲೇ ಬಂದು ಹೋಗು, ಟಿಕೆಟ್ ಮಾತ್ರ ತಗೋ" ಎಂದು ಛೇಡಿಸುತ್ತಾರೆ. ನನ್ನ ಕಾಲು ಕಟ್ಟಿಹಾಕಿರುವುದು ಅತ್ತೆಯ ಅಣಬೆ ಬುಟ್ಟಿ.

ನಲವತ್ತು ವರ್ಷಗಳಿಂದ ಅತ್ತೆ ಮಳೆ ಬಿದ್ದ ಮೂರನೆಯ ದಿನ ರೈಲು ಹಳಿಯಾಚೆಯ ತೋಪಿಗೆ ಹೋಗಿ ಅಣಬೆ ತರುತ್ತಾರೆ. ಬೀದಿಯ ಒಂಬತ್ತು ಮನೆಗಳಿಗೂ ಒಂದೊಂದು ಬಟ್ಟಲು ಹೋಗುತ್ತದೆ. ಅವರು ತಂದದ್ದಾದರೆ ಕಣ್ಣು ಮುಚ್ಚಿಕೊಂಡು ತಿನ್ನಬಹುದು ಎಂದು ಎಲ್ಲರೂ ಹೇಳುತ್ತಾರೆ. ಕಣ್ಣು ಮುಚ್ಚಿಕೊಂಡಂತೆ ಕೀಳುತ್ತಿರುವುದು ಅತ್ತೆಯೇ ಎಂದು ಗೊತ್ತಿರುವುದು ನನಗೊಬ್ಬಳಿಗೆ.

ತಿನ್ನುವ ಅಣಬೆಯ ಕೊಡೆ ತಿರುವಿದರೆ ಅಡಿಯ ಪದರುಗಳು ತಿಳಿಗುಲಾಬಿ, ಬಲಿತಂತೆ ಕಂದು. ವಿಷದ್ದರಲ್ಲಿ ಅವು ಕೊನೆತನಕ ಬಿಳಿ, ಬುಡದಲ್ಲೊಂದು ಹರಿದ ಚೀಲ. ಇದನ್ನು ನನಗೆ ಕಲಿಸಿದವರೂ ಅತ್ತೆಯೇ. ಆಗ ಬುಡಸಹಿತ ಕೀಳುತ್ತಿದ್ದರು. ಈಗ ಪೂರ್ತಿ ಬಗ್ಗಲಾಗದೆ ಚಾಕುವಿನಿಂದ ಬುಡಕ್ಕಿಂತ ಮೇಲೆ ಕತ್ತರಿಸುತ್ತಾರೆ. ಚೀಲ ಮಣ್ಣಲ್ಲೇ ಉಳಿಯುತ್ತದೆ, ಕಣ್ಣು ಮಂಜಾಗಿ ಬಣ್ಣವೂ ಅವರಿಗೆ ಕಾಣುವುದಿಲ್ಲ.

ಎರಡು ವರ್ಷದ ಹಿಂದೆ ಸೋಸುವಾಗ ಮೊದಲ ಬಿಳಿಯದು ಸಿಕ್ಕಿತು. ಸದ್ದಿಲ್ಲದೆ ಎಸೆದೆ. ಪಾಪ ಅನ್ನಿಸಿತು. ನಿಜ ಹೇಳಬೇಕೆಂದರೆ ಸ್ವಲ್ಪ ಖುಷಿಯೂ ಆಯಿತು. ನನ್ನ ಅಡುಗೆಯಲ್ಲಿ ವರ್ಷಗಟ್ಟಲೆ ಹುಳುಕು ಹುಡುಕಿದವರು ಅವರು. ಆಮೇಲೆ ಎರಡು, ಮೂರು ಸಿಗತೊಡಗಿದವು. ಅಷ್ಟರಲ್ಲಿ ಹೇಳುವ ಹೊತ್ತು ಮೀರಿತ್ತು. ಅಂದಿನಿಂದ ಮಳೆಗಾಲದಲ್ಲಿ ತವರಿಗೂ ಹೋಗಿಲ್ಲ. ಜ್ವರ ಬಂದಾಗಲೂ ಎದ್ದು ಬಂದು ಸೋಸಿದ್ದೇನೆ. ಒಮ್ಮೆ ದರ್ಜಿಯ ಮಗಳು ವಾಂತಿ ಮಾಡಿಕೊಂಡಳೆಂದು ಕೇಳಿ ಎರಡು ದಿನ ನನಗೆ ಅನ್ನ ಇಳಿಯಲಿಲ್ಲ. ಅದು ಬರೀ ಅಜೀರ್ಣವಾಗಿತ್ತು.

ಇವತ್ತು ಭಾನುವಾರ. ಬುಟ್ಟಿಯಲ್ಲಿ ಐದು ಸಿಕ್ಕವು. ಈ ಸಲ ಎಸೆಯಲಿಲ್ಲ. ಅಡುಗೆಮನೆಯ ಮೇಜಿನ ಮೇಲೆ ಹಳೆಯ ಪೇಪರ್ ಹಾಸಿ, ಐದನ್ನೂ ಅಂಗಾತ ಇಟ್ಟು ಅತ್ತೆಯನ್ನು ಕರೆದೆ.

"ಅತ್ತೆ, ಇವು ವಿಷದ್ದು. ನೀವು ತಂದ ಬುಟ್ಟೀಲೇ ಇದ್ದವು."

ಬೆಚ್ಚಿಬೀಳುತ್ತಾರೆ ಅಂದುಕೊಂಡಿದ್ದೆ. ಅವರು ಕುರ್ಚಿ ಎಳೆದುಕೊಂಡು ನಿಧಾನವಾಗಿ ಕೂತರು.

"ಐದೇನಾ? ಹೋದ ವಾರ ಎಷ್ಟಿತ್ತು?"

"ನಿಮಗೆ ಗೊತ್ತಿತ್ತಾ?"

"ಬುಟ್ಟಿ ಹೊತ್ತು ತರೋಳು ನಾನು. ತಂದಿದ್ದೆಷ್ಟು, ಬಟ್ಟಲಿಗೆ ಬಿದ್ದಿದ್ದೆಷ್ಟು ಅಂತ ತಿಳಿಯಲ್ವಾ? ಮಂಜಾಗಿರೋದು ಕಣ್ಣು, ತಲೆ ಅಲ್ಲ."

"ಗೊತ್ತಿದ್ದೂ ಯಾಕೆ ಹೋಗ್ತೀರಿ ಮತ್ತೆ?"

"ನೀನಿದ್ದೀಯಲ್ಲ ಅಂತ." ಪೇಪರಿನ ಅಂಚು ನೇರ ಮಾಡುತ್ತಾ ಮತ್ತೆ ಹೇಳಿದರು. "ಈ ಬೀದೀಲಿ ನನ್ನ ಹತ್ರ ಜನ ನಿಂತು ಮಾತಾಡೋದೇ ಇದಕ್ಕೆ. ಇದೂ ಹೋದ್ರೆ ನನ್ನನ್ನ ಯಾರು ಕೇಳ್ತಾರೆ?"

ನನಗೆ ಸಿಟ್ಟು ನೆತ್ತಿಗೇರಿತು. "ನಾನು ಆ ಊರಿಗೆ ಹೋಗ್ತೀನಿ ಅತ್ತೆ. ಹೋಗೋ ಮೊದಲು ಒಂಬತ್ತು ಮನೆಗೂ ವಿಷಯ ಹೇಳಿ ಹೋಗ್ತೀನಿ."

"ಹೇಳಮ್ಮ, ನಾನು ಬೇಡ ಅನ್ನಲ್ಲ." ಅವರ ದನಿಯಲ್ಲಿ ಕೊಂಕಿರಲಿಲ್ಲ. "ಮುದುಕಿಗೆ ಕಣ್ಣು ಕಾಣಲ್ಲ ಅಂತ ಹೇಳು. ಎರಡು ವರ್ಷದಿಂದ ಗೊತ್ತಿದ್ದೂ ನೀನೇ ಯಾಕೆ ಬಟ್ಟಲು ತುಂಬಿಸಿ ಕೊಟ್ಟೆ ಅಂತ ಕೇಳ್ತಾರೆ. ಅದಕ್ಕೊಂದು ಉತ್ತರ ಯೋಚಿಸಿಟ್ಕೋ."

ಪಾಪ ಅನ್ನಿಸಿತ್ತು ಎಂದರೆ ಯಾವ ತಾಯಿ ಒಪ್ಪುತ್ತಾಳೆ? ನಾನು ಎಲ್ಲ ಸೋಸಿಯೇ ಕೊಡುತ್ತಿದ್ದೆ ಎಂದರೆ, ನಿನ್ನ ಕಣ್ಣೂ ಒಂದು ದಿನ ತಪ್ಪಿದ್ದರೆ ಎಂದು ಕೇಳುತ್ತಾರೆ. ಆ ಪ್ರಶ್ನೆಯನ್ನು ನಾನೇ ದಿನವೂ ಕೇಳಿಕೊಳ್ಳುತ್ತೇನೆ.

ಬಾಗಿಲು ತಟ್ಟಿದ ಸದ್ದಾಯಿತು. ದರ್ಜಿಯ ಹೆಂಡತಿ ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು, ಖಾಲಿ ಬಟ್ಟಲು ಹಿಡಿದು ಒಳಗೆ ಬಂದಳು. ನನ್ನ ಕೈ ತಾನಾಗಿ ಹೋಗಿ ಪೇಪರ್ ಮಡಚಿ ಐದನ್ನೂ ಮುಚ್ಚಿತು.

"ಅಕ್ಕ, ನಿಮಗೆ ಬಡ್ತಿ ಬಂತಂತೆ. ಊರು ಬಿಡ್ತೀರಾ?"

ಎಲ್ಲವನ್ನೂ ಹೇಳಿಬಿಡೋಣ ಎಂದುಕೊಂಡೆ. ಅತ್ತೆ ನನ್ನ ಕಡೆ ನೋಡಲೂ ಇಲ್ಲ. ಮಗುವಿನ ಕೆನ್ನೆ ಸವರುತ್ತಿದ್ದರು.

"ಇಲ್ಲಮ್ಮ, ಎಲ್ಲಿಗೆ ಹೋಗ್ಲಿ" ಎಂದೆ.

ಸೋಸಿದ ಅಣಬೆಯನ್ನು ಇನ್ನೊಮ್ಮೆ ಒಂದೊಂದಾಗಿ ತಿರುವಿ ನೋಡಿ ಬಟ್ಟಲು ತುಂಬಿಸಿದೆ. "ಅಜ್ಜಿ ಇರೋ ತನಕ ನಮಗೇನು ಚಿಂತೆ" ಎಂದು ನಗುತ್ತಾ ಅವಳು ಹೊರಟಳು.

ಬಾಗಿಲು ಹಾಕಿ ಬಂದಾಗ ಅತ್ತೆ ನನ್ನ ಕೈ ಹಿಡಿದುಕೊಂಡರು.

"ಮುಂದಿನ ಸಲ ನೀನೂ ತೋಪಿಗೆ ಬಂದುಬಿಡು. ಅಲ್ಲೇ ನೋಡಿ ಕಿತ್ರೆ ನಿನಗೂ ಕೆಲಸ ಹಗುರ."

ಅದನ್ನು ಅವರು ಪ್ರೀತಿಯಿಂದಲೇ ಹೇಳಿದರು. ಕೈ ಬಿಡಿಸಿಕೊಳ್ಳಬೇಕು ಅನ್ನಿಸಿತು, ಆಗಲಿಲ್ಲ.

"ಎಷ್ಟು ಗಂಟೆಗೆ ಹೊರಡೋದು?" ಎಂದು ಕೇಳಿದೆ.